ಅಕ್ಕಿಕಾಳಿಗೆ ಕಾದ ಬಿಸಿಲು

ಮೇ ತಿಂಗಳಲ್ಲಿ ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಸ್ತೆ ದಾಟುವಾಗ ಕಾದ ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಬಂತೆಂದರೆ ನನಗೆ ಆ ದಿನ ಊಟ ಸೇರುವುದಿಲ್ಲ. ಚಪ್ಪಲಿ ಡಾಂಬರಿಗೆ ಅಂಟಿ ಚಟ್ ಚಟ್ ಎಂದು ಬಿಟ್ಟುಕೊಳ್ಳುತ್ತಿರುತ್ತದೆ. ಪಕ್ಕದಲ್ಲಿ ನಡೆಯುವವರು ಮೊಬೈಲು ತೆಗೆದು ಇವತ್ತು ಇಷ್ಟು ಡಿಗ್ರಿ, ನಾಳೆ ಇಷ್ಟು ಡಿಗ್ರಿ ಎಂದು ಕ್ರಿಕೆಟ್ ಸ್ಕೋರು ಹೇಳಿದ ಹಾಗೆ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಅದೊಂದು ಉದ್ದ ಕಥೆ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೇಸಿಗೆಯನ್ನು ವರ್ಣಿಸಿ ಎಂದರೆ ಮಕ್ಕಳು ತಪ್ಪದೆ ‘ಸೂರ್ಯನು ಬೆಂಕಿಯ ಉಂಡೆಯಂತೆ ಉರಿಯುತ್ತಿದ್ದನು’ ಎನ್ನುತ್ತಾರೆ. ಹಾಗಲ್ಲ ಎಂದು ನಾನು ವರ್ಷವರ್ಷವೂ ಹೇಳುತ್ತೇನೆ, ಅವರು ವರ್ಷವರ್ಷವೂ ಹಾಗೇ ಬರೆಯುತ್ತಾರೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಮಟಮಟ ಮಧ್ಯಾಹ್ನದ ಸೂರ್ಯನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ತಲೆ ಎತ್ತುವ ಧೈರ್ಯ ಯಾರಿಗಿದೆ? ಅವನು ಏನು ಮಾಡುತ್ತಾನೆ ಎಂಬುದಷ್ಟೇ ಕಾಣುತ್ತದೆ. ಕಾಗೆ ಕೊಕ್ಕು ತೆರೆದುಕೊಂಡು ಕೂತಿರುತ್ತದೆ. ನಾಯಿ ಬಚ್ಚಲ ಮೋರಿಯಲ್ಲಿ ಹೊಟ್ಟೆ ಊರಿ ಮಲಗಿರುತ್ತದೆ. ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತದೆ, ಕೊರಳ ತಾಳಿ ಕಾದು ಎದೆಯನ್ನೇ ಸುಡುತ್ತದೆ. ಮಳೆಗಾಲದಲ್ಲಿ ಊರಿಗೆಲ್ಲ ಕೇಳುವಂತೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ ಆಗ ಕರಿಬಂಡೆಯ ಮೇಲೆ ಒಂದೆಳೆ ನೀರು ಇಳಿದರೆ ಅದೇ ಹೆಚ್ಚು. ಬಿಸಿಲನ್ನು ಬರೆಯುವುದೆಂದರೆ ಇದನ್ನೆಲ್ಲ ಬರೆಯುವುದು. ಅದಕ್ಕಿಂತ ಖರೆ ಎಂದರೆ, ಆ ಬಿಸಿಲಿನಲ್ಲಿ ಮನುಷ್ಯರು ಏನೇನು ಮಾಡುತ್ತಾರೆ ಎಂಬುದನ್ನು ಬರೆಯುವುದು. ಶಿವಲೀಲಾಳ ಮದುವೆಯ ದಿನದ ಬಿಸಿಲನ್ನು ನೋಡಿದ ಮೇಲೆ ಬೇರೆ ಬಿಸಿಲು ನನಗೆ ಬಿಸಿಲು ಅನ್ನಿಸಿಲ್ಲ.

ಶಿವಲೀಲಾ ನನ್ನ ಕಾಕಾನ ಒಬ್ಬಳೇ ಮಗಳು. ಮೂಡಲಗಿಯ ಹಾದಿಯಲ್ಲಿ, ಅರಭಾವಿ ದಾಟಿ ಒಂದಿಷ್ಟು ಒಳಗೆ ಹೋದರೆ ಅವರ ಊರು. ಮಲ್ಲಪ್ಪ ಕಾಕಾ ನನ್ನ ತಂದೆಯ ತಮ್ಮ. ಒಳ್ಳೆಯ ಮನುಷ್ಯ, ಕೈಬಿಚ್ಚಿ ಮಾಡುವವನು, ಆದರೆ ನಾಲ್ಕು ಜನ ತನ್ನನ್ನು ನೋಡಬೇಕು ಎಂಬ ಚಟ ಅವನಿಗೆ ಮೊದಲಿನಿಂದ. ಅವನ ಹೆಂಡತಿ ನೀಲವ್ವ ಚಿಗವ್ವ. ನನ್ನ ತಾಯಿ ಹೋದ ಮೇಲೆ ನನ್ನ ಜಡೆ ಹೆಣೆದು, ಬುತ್ತಿ ಕಟ್ಟಿ ಸಾಲೆಗೆ ಕಳಿಸಿದವಳು ಅವಳೇ. ಅವಳು ಮಾತಾಡಿದ್ದು ಕಡಿಮೆ, ಆದರೆ ಆಡಿದ ಮಾತು ತಪ್ಪಿದವಳಲ್ಲ. ಸೋಮವಾರ ಒಪ್ಪತ್ತು ಎಂದರೆ ಒಪ್ಪತ್ತೇ. ಜ್ವರ ಬಂದಿದ್ದರೂ ಅವಳ ಬಾಯಿಗೆ ಒಂದು ಅಗಳು ಹಾಕಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ರೋಗದ ಕಾಲದಲ್ಲಿ ಮದುವೆಗಳೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಪ್ಪಗೆ ನಡೆದಿದ್ದವು. ಅದು ಮುಗಿದ ವರ್ಷ ಎಲ್ಲರೂ ಕಟ್ಟಿದ ಎತ್ತು ಬಿಚ್ಚಿದ ಹಾಗೆ ಹೊರಟರು. ಕಾಕಾನಂತೂ ಮನೆಯ ಮುಂದಿನ ಬಯಲಿಗೆಲ್ಲ ಹಂದರ ಹಾಕಿಸಿದ. ನಮ್ಮ ಅಜ್ಜ ಹಾಕಿಸುತ್ತಿದ್ದದ್ದು ತೆಂಗಿನ ಗರಿ, ಮಾವಿನ ಎಲೆ ತಪ್ಪಲಿನ ಹಂದರ, ಒಳಗೆ ಕೂತರೆ ತಂಪು. ಕಾಕಾ ಹಾಕಿಸಿದ್ದು ಕೆಂಪು, ಹಳದಿ ಬಟ್ಟೆಯದು, ಫೋಟೋದಲ್ಲಿ ಚಂದ ಕಾಣುತ್ತದೆಂದು. ಬೆಳಗ್ಗೆ ಒಂಬತ್ತಕ್ಕೇ ಅದರ ಕೆಳಗೆ ಒಲೆಯ ಮುಂದೆ ಕೂತ ಹಾಗೆ ಆಗಿತ್ತು, ಎಲ್ಲರ ಮುಖವೂ ಕೆಂಪು, ಹಳದಿ. ಬಿಸಿಗಾಳಿ ಬೀಸಿದಾಗ ಬಟ್ಟೆ ಉಬ್ಬಿ ಮತ್ತೆ ತಲೆಯ ಮೇಲೆ ಇಳಿಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಕಾಲು ಮೆತ್ತಗಾಗಿ ದಪ್ಪ ಮೈಯವರು ಕೂರಲು ಅಂಜುತ್ತಿದ್ದರು. ನಗೆಯೂ ಇತ್ತು ಆಗ, ಇಲ್ಲವೆನ್ನಲಾರೆ. ಬೀಗರ ಕಡೆಯ ಒಬ್ಬ ಹಿರಿಯ, “ಮಲ್ಲಪ್ಪಾ, ಹುಗ್ಗಿಗಿ ಬ್ಯಾರೆ ಒಲಿ ಯಾಕ ಹೂಡೀದಿಪಾ, ಕೊಪ್ಪರಗಿ ತಂದ ನಮ್ಮ ನಡಕ ಇಟ್ಟಬಿಡು” ಎಂದಾಗ ಎಲ್ಲರೂ ನಕ್ಕರು.

ನಮ್ಮ ಕಡೆ ಮದುವೆಯಲ್ಲಿ ಮುಖ್ಯ ಘಳಿಗೆ ಅಕ್ಕಿಕಾಳು. ಮಂಗಳಾಷ್ಟಕ ಮುಗಿದು ಎಲ್ಲರೂ ಅರಿಶಿನದ ಅಕ್ಕಿಯನ್ನು ಮದುಮಕ್ಕಳ ಮೇಲೆ ಎಸೆದರೆ ಮದುವೆ ಆದಂತೆ. ಅಕ್ಕಿಕಾಳು ಬೀಳುವತನಕ ಹೆಣ್ಣಿನ ತಂದೆತಾಯಿ ಉಪವಾಸ ಇರಬೇಕು, ಕಟ್ಟುನಿಟ್ಟಿನವರು ನೀರನ್ನೂ ಮುಟ್ಟುವುದಿಲ್ಲ. ಮುಹೂರ್ತ ಹನ್ನೆರಡೂವರೆಗೆ ಇತ್ತು. ಮೇ ತಿಂಗಳ ಹನ್ನೆರಡೂವರೆ ಎಂದರೆ ಏನೆಂದು ಮುಹೂರ್ತ ತೆಗೆಯುವವರಿಗೆ ಗೊತ್ತಿಲ್ಲ ಎನ್ನಲಾರೆ, ಅವರೂ ಇಲ್ಲೇ ಹುಟ್ಟಿದವರು.

ಚಿಗವ್ವ ಹಿಂದಿನ ರಾತ್ರಿಯಿಂದ ನೀರು ಬಿಟ್ಟಿದ್ದಳು. ಬೆಳಗ್ಗೆ ಮದುಮಗಳಿಗೆ ಸುರಗಿ ನೀರು ಎರೆಯುವುದು, ದೇವರಿಗೆ ಹೋಗಿಬರುವುದು, ಬೀಗರನ್ನು ಎದುರುಗೊಳ್ಳುವುದು, ಎಲ್ಲದಕ್ಕೂ ಅವಳೇ ಓಡಾಡಿದಳು. ಕಾಕಾನೂ ಉಪವಾಸವೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಅಡಿಗೆಯ ಕಡೆ ಹೋದಾಗ ನಾನೇ ಕಂಡೆ, ಕೊಪ್ಪರಿಗೆಯ ಮರೆಯಲ್ಲಿ ನಿಂತು ಒಂದು ದೊಡ್ಡ ಗ್ಲಾಸು ಮಜ್ಜಿಗೆ ಎತ್ತುತ್ತಿದ್ದ. ನನ್ನನ್ನು ನೋಡಿ ಮೀಸೆ ಒರೆಸಿಕೊಂಡು, “ಯಾರಿಗೂ ಹೇಳಬ್ಯಾಡವಾ, ತಲಿ ತಿರಗಾಕತ್ತಿತ್ತು” ಎಂದ. ನಾನು ನಕ್ಕೆ. ಗಂಡಸರ ಉಪವಾಸ ಎಲ್ಲ ಕಡೆಯೂ ಹೀಗೇ ನಡೆದುಕೊಂಡು ಬಂದಿದೆ.

ಹನ್ನೆರಡೂವರೆ ಆಯಿತು. ಮದುಮಕ್ಕಳು ಬಾಸಿಂಗ ಕಟ್ಟಿಕೊಂಡು ನಿಂತರು. ಎಲ್ಲರ ಕೈಗೆ ಅಕ್ಕಿಕಾಳು ಹಂಚಿ ಆಯಿತು. ಮಂತ್ರ ಹೇಳುವ ಅಯ್ಯನವರು ಗಂಟಲು ಸರಿಮಾಡಿಕೊಂಡರು. ಆಗ ಕಾಕಾ ಕೈ ಎತ್ತಿ ತಡೆದ. ಸಾಹೇಬರು ಬರಬೇಕು.

ಸಾಹೇಬರು ಎಂದರೆ ಆ ಭಾಗದ ಒಬ್ಬ ಮುಖಂಡರು. ಕಾಕಾ ಅವರ ಹಿಂದೆ ಚುನಾವಣೆಯಲ್ಲಿ ತಿರುಗಿದವನು. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅವರ ಹೆಸರನ್ನು ಹಾಕಿಸಿದ್ದ. ಮೈಕಿನವನು ಹೇಳತೊಡಗಿದ, “ಸಾಹೇಬ್ರು ಗೋಕಾಕ ಬಿಟ್ಟಾರ, ಯಾರೂ ಏಳಬ್ಯಾಡ್ರಿ.” ಸ್ವಲ್ಪ ಹೊತ್ತು ಬಿಟ್ಟು, “ಸಾಹೇಬ್ರು ಅರಭಾವಿಗೆ ಬಂದಾರ.” ಮತ್ತೆ ಸ್ವಲ್ಪ ಹೊತ್ತಿಗೆ, “ಸಾಹೇಬ್ರು ಇನ್ನೇನ ಗೋಕಾಕ ಬಿಡಾಕತ್ತಾರ.” ಮುಂದೆ ಬಂದವರು ಹಿಂದಕ್ಕೆ ಹೋದದ್ದು ಹೇಗೆಂದು ಯಾರೂ ಕೇಳಲಿಲ್ಲ.

ಅವರನ್ನು ಎದುರುಗೊಳ್ಳಲು ಕಾಕಾ ಆರತಿ ತಟ್ಟೆ ಕೊಟ್ಟು ಹೆಂಗಸರನ್ನು ಹಂದರದ ಬಾಗಿಲಲ್ಲಿ ನಿಲ್ಲಿಸಿದ. ಅಲ್ಲಿ ಬಟ್ಟೆಯ ನೆರಳೂ ಇಲ್ಲ. ಉಳಿದವರು ಒಬ್ಬೊಬ್ಬರಾಗಿ ಸೆರಗು ತಲೆಗೆಳೆದುಕೊಂಡು ಒಳಗೆ ಸರಿದರು. ಚಿಗವ್ವ ಸರಿಯಲಿಲ್ಲ. ಬಲಗೈಯಲ್ಲಿ ತಟ್ಟೆ, ಎಡಗೈ ಮುಷ್ಟಿಯಲ್ಲಿ ಅಕ್ಕಿಕಾಳು, ಕಾಲ ಕೆಳಗೆ ಕಾದ ಪರಸಿಕಲ್ಲು. ಮನೆಯೊಡತಿ ತಾನು, ಬರುವವರು ಬಂದಾಗ ಬಾಗಿಲಲ್ಲಿ ಇಲ್ಲದಿದ್ದರೆ ಹೇಗೆ ಎಂದು ನಿಂತಳು.

ನಾನು ಚೊಂಬಿನಲ್ಲಿ ನೀರು ಒಯ್ದೆ. “ಚಿಗವ್ವಾ, ಒಂದ ಗುಟಕ ಕುಡಿ. ಮುಹೂರ್ತ ಮೀರಿ ಹೋಗೇತಿ, ಇನ್ನ ಎಲ್ಲಿ ಉಪವಾಸ?”

“ಅಕ್ಕಿಕಾಳ ಬಿದ್ದಿಲ್ಲಲ್ಲವಾ” ಎಂದಳು. ತುಟಿ ಬೆಳ್ಳಗೆ ಬಿರಿದಿತ್ತು. “ಮಗಳ ಬಾಳೇವು ಐತಿ. ನನ್ನ ಬಾಯಿರುಚಿಗೆ ಅಕಿಗೇನರ ಆದ್ರ?”

ನೀರು ಬಾಯಿರುಚಿಯಂತೆ! ನಾನು ಕಾಕಾನ ಹತ್ತಿರ ಹೋಗಿ, “ಅಕ್ಕಿಕಾಳ ಹಾಕಸ್ರಿ ಕಾಕಾ, ಚಿಗವ್ವನ ಕಡಿಂದ ನಿಲ್ಲಾಕ ಆಗವಲ್ದು” ಎಂದೆ. ಅವನು ಫೋನು ಕಿವಿಯಿಂದ ತೆಗೆಯದೆ, “ಇನ್ನ ಹತ್ತ ಮಿಂಟ ತಡಿ” ಎಂದ. ಬೀಗರ ಹಿರಿಯನೂ ಗೊಣಗಿದ. ಅಯ್ಯನವರೂ ಗೊಣಗಿದರು. ಗೊಣಗಿದವರೆಲ್ಲ ಎತ್ತರದ ದನಿಯಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಸಾಹೇಬರ ಮನಸ್ಸಿಗೆ ಬೇಜಾರು ಆದೀತೆಂಬ ಅಂಜಿಕೆ ಎಲ್ಲರಿಗೂ ಇತ್ತು.

ಆಮೇಲೆ ಆದದ್ದನ್ನು ನೆನೆದರೆ ಇವತ್ತಿಗೂ ಹಲ್ಲು ಕಚ್ಚಿಕೊಳ್ಳುತ್ತೇನೆ. ಬಾಗಿಲಲ್ಲಿ ತಟ್ಟೆ ಬಿದ್ದ ಸದ್ದಾಯಿತು. ಚಿಗವ್ವ ಅತ್ತಿತ್ತ ತೂಗುತ್ತಿದ್ದಳು. ಕಣ್ಣು ಮೇಲೆ ಸಿಕ್ಕಿತ್ತು. ಸೆರಗು ಕಿತ್ತು ಎಸೆಯುತ್ತ, ತಲೆಯ ಹೂವು ಹರಿಯುತ್ತ, “ಉರಿ, ಉರಿ” ಎನ್ನುತ್ತಿದ್ದಳು. ಎಂದೂ ದನಿ ಎತ್ತದವಳು ಗಂಟಲು ಹರಿಯುವಂತೆ ಚೀರಿದಳು. ಓಡಿಹೋಗಿ ಅವಳ ಕೈ ಹಿಡಿದೆ. ನಾವೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದೆವು, ನನ್ನ ಮುಷ್ಟಿಯ ಅಕ್ಕಿ ಬೆವರಿಗೆ ಮುದ್ದೆಯಾಗಿತ್ತು. ಅವಳ ಮುಷ್ಟಿಯಿಂದ ಬಿದ್ದ ಅಕ್ಕಿ ಒಣ ಒಣ. ಮೈಯಲ್ಲಿ ಒಂದು ಹನಿ ಬೆವರಿಲ್ಲ, ಮುಟ್ಟಿದರೆ ಹಂಚು ಮುಟ್ಟಿದ ಹಾಗೆ.

ಆಗ ಯಾರೋ ಒಬ್ಬ ಮುದುಕಿ ಕೂಗಿದಳು, “ಅವ್ವ ಬಂದಾಳ್ರೋ! ನೀಲವ್ವನ ಮೈಮ್ಯಾಲ ದೇವಿ ಬಂದಾಳ!”

ಮೈಮೇಲೆ ದೇವಿ ಬರುವುದು ನಮ್ಮ ಕಡೆ ಹೊಸದಲ್ಲ. ಜಾತ್ರೆಯಲ್ಲಿ, ಹರಕೆ ತಪ್ಪಿದ ಮನೆಯಲ್ಲಿ, ಎಷ್ಟೋ ಸಲ ನಾನೇ ನೋಡಿದ್ದೇನೆ. ಹಾಗೇ ತೂಗುತ್ತಾರೆ, ಹಾಗೇ ಕೂದಲು ಬಿಚ್ಚುತ್ತಾರೆ, ಉರಿ ಎನ್ನುತ್ತಾರೆ. ಅದನ್ನು ನೋಡಿ ಬೆಳೆದ ಕಣ್ಣುಗಳಿಗೆ ಇದೂ ಅದೇ ಆಗಿ ಕಂಡಿತು. ಬೇರೆ ಊರಿನವರಾಗಿದ್ದರೆ ಇವಳಿಗೆ ಹುಷಾರಿಲ್ಲ ಎನ್ನುತ್ತಿದ್ದರು. ನಮ್ಮವರು ಕೈಮುಗಿದರು. ಬಾಜಾದವರು ಜೋರಾಗಿ ಬಾರಿಸತೊಡಗಿದರು. ಯಾರೋ ಅರಿಶಿನದ ಭಂಡಾರ ತಂದು ಅವಳ ಹಣೆಗೆ, ಕೆನ್ನೆಗೆ ಬಳಿದರು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕಾಲು ಮುಟ್ಟಿದರು. ಜನ ಸುತ್ತ ಮುತ್ತಿ ಇದ್ದ ಗಾಳಿಯೂ ನಿಂತಿತು.

ಕಾಕಾ ಓಡಿಬಂದು ಉದ್ದಕ್ಕೆ ಅಡ್ಡಬಿದ್ದ. “ತಾಯಿ, ಏನ ತಪ್ಪ ಆತು ಹೇಳವಾ. ಏನ ಬೇಕು ಕೇಳು, ಕೊಡತೇನಿ.”

ಚಿಗವ್ವ ಅವನನ್ನು ನೋಡಿದಳೋ ಇಲ್ಲವೋ ತಿಳಿಯೆ. “ನೀರ” ಎಂದಳು. ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. “ನೀರ ಕೊಡ್ರಿ.”

“ಅವ್ವ ನೀರ ಬೇಡ್ಯಾಳ! ಕೊಡ ತರ್ರಿ!” ಎಂದಳು ಮುದುಕಿ. ನನ್ನ ಚೊಂಬು ಅಲ್ಲೇ ಇತ್ತು. ಅದು ಎಂಜಲಂತೆ, ದೇವಿಗೆ ನಡೆಯುವುದಿಲ್ಲವಂತೆ. ಒಳಗೆ ಹೋದರು, ಹೊಸ ಕೊಡ ತಿಕ್ಕಿದರು, ಅರಿಶಿನ ಹಚ್ಚಿದರು, ಬೇವಿನ ಸೊಪ್ಪು ಇಟ್ಟರು, ಬೋರಿನ ನೀರು ತುಂಬಿ ಮುತ್ತೈದೆಯರ ಕೈಯಲ್ಲಿ ಹೊರಿಸಿಕೊಂಡು ಬಂದರು. ತುಂಬಿದ ಕೊಡ ಬಂತು. ಬಂದು, ಅಷ್ಟೂ ನೀರನ್ನು ಚಿಗವ್ವನ ಪಾದದ ಮೇಲೆ ಸುರಿದರು.

“ಬಾಯಾಗ ಹಾಕ್ರಿ, ಬಾಯಾಗ!” ಎಂದು ನಾನು ಒದರಿದೆ. ಚೊಂಬು ತೆಗೆದುಕೊಂಡು ನುಗ್ಗಿದರೆ ಯಾರೋ ರೆಟ್ಟೆ ಹಿಡಿದು ಹಿಂದಕ್ಕೆಳೆದರು. “ಅಕ್ಕೋರ, ಸಾಲಿ ಕಲತವ್ರ ಆಗಿ ದೇವ್ರಿಗೆ ಎದುರ ಆಡಬ್ಯಾಡ್ರಿ.” ಕಾಲ ಕೆಳಗಿನ ಪರಸಿ ನೋಡನೋಡುತ್ತ ಆರಿ ಬಿಳಿಯಾಯಿತು.

ಆಗಲೇ ಸಾಹೇಬರ ಗಾಡಿಗಳು ಬಂದವು. ಅವರೂ ಚಪ್ಪಲಿ ಬಿಟ್ಟು ಚಿಗವ್ವನ ಕಾಲಿಗೆರಗಿದರು. ಆಮೇಲೆ ಸುತ್ತಲೂ ನೋಡಿ, ಅಕ್ಕಿಕಾಳು ಇನ್ನೂ ಬಿದ್ದಿಲ್ಲವೆಂದು ತಿಳಿದು, “ಅಯ್ಯ, ನನ್ನ ಸಲವಾಗಿ ಯಾಕ ಕಾಯ್ಕೋತ ಕುಂತ್ರಿ? ಹಾಕಿ ಬಿಡಬೇಕಿಲ್ಲೇನ?” ಎಂದರು. ನಿಜವಾಗಿಯೂ ಬೇಜಾರು ಮಾಡಿಕೊಂಡೇ ಅಂದರು. ಅವರು ಆ ದಿನ ಇನ್ನೂ ಎಷ್ಟೋ ಮದುವೆಗಳಿಗೆ ಹೋಗಬೇಕಿತ್ತು, ಇಲ್ಲಿ ಯಾರಾದರೂ ತಮಗಾಗಿ ಕಾಯುತ್ತಿರುವರು ಎಂಬುದು ಅವರ ತಲೆಯಲ್ಲೇ ಇರಲಿಲ್ಲ.

ಚಿಗವ್ವ ಕುಸಿದಿದ್ದಳು. ದೇವಿ ಇಳಿದಳು, ಇನ್ನು ಸುಸ್ತು ಇರುವುದೇ, ಮಲಗಲಿ ಎಂದು ಒಳಕೋಣೆಗೆ ಎತ್ತಿ ಹಾಕಿದರು. ಹೊರಗೆ ಮಂಗಳಾಷ್ಟಕ ಶುರುವಾಯಿತು. ನಾನು ಅವಳ ಬಾಯಿಗೆ ನೀರು ಹಾಕಿದೆ. ಕಟವಾಯಿಂದ ಹರಿದು ಹೋಯಿತು, ಗಂಟಲು ನುಂಗಲಿಲ್ಲ. ಒದ್ದೆ ಸೀರೆ ಹೊದಿಸಿದೆ, ಕೂಗಾಡಿದೆ. ಕಡೆಗೆ ಶಿವಲೀಲಾಳ ಸೋದರಮಾವ ಬಂದು ಮುಟ್ಟಿ ನೋಡಿ, ಗಾಬರಿಯಾಗಿ ತನ್ನ ಗಾಡಿ ತಂದ. ಅವಳನ್ನು ಹಿಂದಿನ ಬಾಗಿಲಿನಿಂದ ಎತ್ತಿಕೊಂಡು ಹೋಗುವಾಗ ಮುಂದಿನ ಅಂಗಳದಲ್ಲಿ ಅಕ್ಕಿಕಾಳು ಬಿತ್ತು. ಅರಭಾವಿ ದಾಟಿ ಗೋಕಾಕದ ಹಾದಿ ಹಿಡಿದಾಗ ನನ್ನ ತೊಡೆಯ ಮೇಲಿದ್ದ ತಲೆ ಒಂದು ಕಡೆಗೆ ವಾಲಿತು. ಹೊರಗೆ ಕಬ್ಬಿನ ಕೂಳೆಯ ಹೊಲ, ಅದರ ಮೇಲೆ ಕುಣಿಯುವ ಝಳ, ಎದುರಿಗೆ ಒಂದು ನರಪಿಳ್ಳೆ ಇಲ್ಲ. ದವಾಖಾನೆಯಲ್ಲಿ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬಿಸಿಲು ಹೊಡೆದಿದೆ, ಬೆವರು ನಿಂತಾಗಲೇ ತರಬೇಕಿತ್ತು ಎಂದರು.

ಸೋದರಮಾವ ಫೋನು ಹಚ್ಚಿದ. ಕಾಕಾ ಫೋನು ಹಿಡಿದು ಜನರಿಂದ ಆಚೆ ಸರಿದನಂತೆ. ಆಮೇಲೆ, “ಪಂಕ್ತಿ ಕುಂತಾವು. ಹುಡಗೀನ ಕಳಸೂಮಟಾ ಯಾರಿಗೂ ಹೇಳಬ್ಯಾಡ್ರಿ” ಎಂದನಂತೆ. ಬೀಗರು ಹುಗ್ಗಿ ಉಂಡರು. ಸಾಹೇಬರು ಆಶೀರ್ವಾದದ ಮಾತು ಆಡಿ ಹೋದರು. ಅವ್ವ ದಣಿದು ಮಲಗಿದ್ದಾಳೆ ಎಂದು ಹೇಳಿ ಶಿವಲೀಲಾಳನ್ನು ಹುಕ್ಕೇರಿ ಕಡೆಯ ಅವಳ ಗಂಡನ ಊರಿಗೆ ಕಳಿಸಿದರು. ಅಲ್ಲಿ ಹೊಸಿಲು ತುಳಿದು ಒಳಗೆ ಹೋದವಳನ್ನು ಅದೇ ಸಂಜೆ ಅದೇ ಮದುವೆಯ ಸೀರೆಯಲ್ಲಿ ತಿರುಗಿ ಕರೆದುಕೊಂಡು ಬಂದರು.

ಆಮೇಲೆ ಊರಲ್ಲಿ ಎರಡು ಮಾತು ಹುಟ್ಟಿದವು. ಬಿಸಿಲು ಹೊಡೆದು ಸತ್ತಳು ಎಂದರು ಕೆಲವರು. ಆ ವರ್ಷ ಬಿಸಿಲೇ ಹಾಗಿತ್ತು ಎಂದು ಎಲ್ಲರೂ ತಲೆಯಾಡಿಸಿದರು, ಚಿಗವ್ವನನ್ನು ಆ ಬಾಗಿಲಲ್ಲಿ ತಂದು ನಿಲ್ಲಿಸಿದವನೂ ಸೂರ್ಯನೇ ಎಂಬ ಹಾಗೆ. ಇನ್ನು ಕೆಲವರು, ದೇವಿಯೇ ಬಂದು ಕರೆದುಕೊಂಡು ಹೋದಳು, ಮುತ್ತೈದೆ ಸಾವು, ಪುಣ್ಯವಂತೆ ಎಂದರು. ಕಾಕಾ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ವರ್ಷ ತುಂಬುವುದರೊಳಗೆ ಅವಳು ನಿಂತಿದ್ದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿ, ಕಟ್ಟೆ ಕಟ್ಟಿಸಿ, ಭಂಡಾರ ಹಚ್ಚಿಸಿದ. ಈಗ ಅದಕ್ಕೆ ನೀಲವ್ವನ ಕಟ್ಟೆ ಎನ್ನುತ್ತಾರೆ. ಪ್ರತಿವರ್ಷ ಆ ದಿನ ಊರ ಮುತ್ತೈದೆಯರು ನೀರೂ ಕುಡಿಯದೆ ಉಪವಾಸ ಇದ್ದು, ಮಟಮಟ ಮಧ್ಯಾಹ್ನ ಕೊಡಗಟ್ಟಲೆ ನೀರು ತಂದು ಆ ಕಲ್ಲಿಗೆ ಹಾಕುತ್ತಾರೆ. ಬೇಡಿದ್ದು ಸಿಗುತ್ತದೆ ಎಂದು ಅಕ್ಕಪಕ್ಕದ ಊರುಗಳಿಂದಲೂ ಬರುತ್ತಾರೆ.

ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಈ ವರ್ಷ ಶಿವಲೀಲಾ ಬಸುರಿ, ಆದರೂ ತವರಿಗೆ ಬಂದು ಉಪವಾಸ ಹಿಡಿದಿದ್ದಾಳೆ ಎಂದು ಕೇಳಿ ತಡೆಯಲಾಗದೆ ಹೋದೆ. ಹೆಂಗಸರು ಕೊಡ ಹಿಡಿದು ಸಾಲಾಗಿ ಬಿಸಿಲಲ್ಲಿ ನಿಂತಿದ್ದರು. ಕಾಕಾ ಕಟ್ಟೆಯ ಬಾಜೂ ಕಂಬಳಿ ಹಾಸಿಕೊಂಡು ಕೂತಿದ್ದ, ಮೀಸೆಯೆಲ್ಲ ಬೆಳ್ಳಗಾಗಿತ್ತು. ಇಷ್ಟು ವರ್ಷ ನುಂಗಿಕೊಂಡ ಮಾತನ್ನು ಅವತ್ತು ಅವನ ಮುಖಕ್ಕೇ ಅಂದೆ.

“ಕಾಕಾ, ಅವತ್ತ ದೇವಿ ಬಂದಿದ್ದಿಲ್ಲ. ಚಿಗವ್ವಗ ನೀರಡಿಕಿ ಆಗಿತ್ತು.”

ಸಿಟ್ಟಾಗುತ್ತಾನೆ, ಎದ್ದು ಹೋಗು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಕಲ್ಲಿನ ಕಡೆ ನೋಡುತ್ತ ಮೆಲ್ಲಗೆ, “ನನಗ ಗೊತ್ತಿಲ್ಲೇನವಾ?” ಎಂದ. “ಬಾಯಾಗ ಹಾಕ್ರಿ ಅಂತ ನೀ ಒದರಿದ್ದು ಇನ್ನೂ ಕಿವ್ಯಾಗ ಐತಿ. ಆದ್ರ ಅಕೀನ ದೇವಿ ಒಯ್ದಿಲ್ಲ ಅಂದ್ರ ಯಾರ ಒಯ್ದಂಗ ಆತು? ಹೇಳು.” ಮತ್ತೆ ಅಂದ, “ಶಿವಲೀಲಾಗ ಇದೊಂದ ಹೇಳಬ್ಯಾಡವಾ. ನಿನ್ನ ಕಾಲ ಬೀಳತೇನಿ.”

ಅವನ ಮೇಲಿನ ನನ್ನ ಸಿಟ್ಟು ಹೋಗಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಂಡು ಮನೆಯ ಪಡಸಾಲೆಗೆ ಹೋದೆ. ಶಿವಲೀಲಾ ಗೋಡೆಗೆ ಒರಗಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಪಕ್ಕದಲ್ಲಿ ಅರಿಶಿನ ಹಚ್ಚಿದ ಕೊಡ, ಹಣೆಯಿಂದ ಬೆವರು ಇಳಿಯುತ್ತಿತ್ತು. ಬೆವರು ಇದೆಯಲ್ಲ ಎಂದು ನನಗೆ ಅಷ್ಟಕ್ಕೇ ಸಮಾಧಾನ.

“ಕುಡಿ” ಎಂದೆ. “ಯಾರೂ ನೋಡಾಕತ್ತಿಲ್ಲ. ಹೊಟ್ಟ್ಯಾಗಿನ ಕೂಸಿನ ಸಲವಾಗಿರೆ ಕುಡಿ.”

ಅವಳು ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಮುಚ್ಚಳ ತಿರುವಿ ತೆಗೆದಳು ಕೂಡ. ಆಮೇಲೆ ಅದನ್ನು ಹಾಗೇ ನನ್ನ ಕೈಗೆ ತಿರುಗಿ ಕೊಟ್ಟಳು.

“ಅವ್ವಗ ಏನ ಆಗಿತ್ತು ಅಂತ ನನಗೂ ಗೊತ್ತೈತಿ ಅಕ್ಕಾ” ಎಂದಳು. “ಅಪ್ಪಗ ಹೇಳಬ್ಯಾಡ. ನಾ ಈಗ ಇದನ್ನ ಕುಡದ್ರ ಅಕಿ ಸುಮ್ಮನ ಸತ್ಲು ಅಂದಂಗ ಆಕ್ಕೈತಿ.”

ಕೊಡವನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು, ಬರಿಗಾಲಲ್ಲಿ ಅಂಗಳದ ಬಿಸಿಲಿಗೆ ಇಳಿದಳು.